ಡರ್ಟಿ ಕೌ: ಕೊನೆ ಭಾಗ ತಲುಪದ ತಿದ್ದುಪಡಿ

2016ರ ಸೆಪ್ಟೆಂಬರ್ 5 ಮಂಡ್ಯ ಜಿಲ್ಲೆಯವರು ಸುಲಭಕ್ಕೆ ಮರೆಯುವ ದಿನವಲ್ಲ. ತಮಿಳುನಾಡಿಗೆ ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯುಸೆಕ್‌ನಂತೆ ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಅಂದು ಆದೇಶಿಸಿತು. ಮಳೆ ಕೈಕೊಟ್ಟಿದ್ದ ವರ್ಷ. ಮಂಡ್ಯ, ಮದ್ದೂರು, ಮಳವಳ್ಳಿಯ ರೈತರು ಬೀದಿಗಿಳಿದರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾಹನಗಳು ನಿಂತವು. 9ರಂದು ಇಡೀ ಕರ್ನಾಟಕ ಬಂದ್ ಆಯಿತು, 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು.

ಅದೇ ಸೆಪ್ಟೆಂಬರ್ 5ರಂದು ದೇಶದಲ್ಲಿ ಇನ್ನೊಂದು ತೂಬು ತೆರೆಯಿತು. ರಿಲಯನ್ಸ್ ಜಿಯೊ ತನ್ನ 4ಜಿ ಸೇವೆ ಆರಂಭಿಸಿ, ವರ್ಷದ ಕೊನೆಯವರೆಗೆ ಇಂಟರ್ನೆಟ್ ಪುಕ್ಕಟೆ ಎಂದು ಸಾರಿತು. ಸಿಮ್ ಕಾರ್ಡಿಗೆ ಸಾಲುಗಟ್ಟಿದವರು ಅದನ್ನು ಹಾಕಲು ಅಗ್ಗದ 4ಜಿ ಆಂಡ್ರಾಯ್ಡ್ ಫೋನನ್ನೂ ಕೊಂಡರು. ಅಲ್ಲಿಯವರೆಗೆ ಬಟನ್ ಫೋನಿನಲ್ಲೇ ಸುಧಾರಿಸಿಕೊಂಡಿದ್ದ ಮನೆಗಳಿಗೂ ಆ ಹಿಂಗಾರಿನಲ್ಲಿ ಗಾಜಿನ ಪರದೆ ಬಂತು.

ಆ ಪ್ರತಿಯೊಂದು ಫೋನಿನ ಒಡಲಲ್ಲೂ, ಇಡೀ ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶವಾದ ಲಿನಕ್ಸ್ ಕರ್ನಲ್ ಕೂತಿತ್ತು. ಆ ಕರ್ನಲ್‌ನಲ್ಲಿ ಬದುವಿನ ಏಡಿ ಬಿಲದಂಥ ಒಂದು ತೂತು ಒಂಬತ್ತು ವರ್ಷಗಳಿಂದ ಯಾರ ಗಮನಕ್ಕೂ ಬೀಳದೆ ಉಳಿದಿತ್ತು. ಅದು ಹೇಗೆ ಹುಟ್ಟಿತು, ಒಮ್ಮೆ ಮುಚ್ಚಿದ್ದು ಯಾಕೆ ಮತ್ತೆ ತೆರೆಯಿತು, ಕೊನೆಗೆ ಮುಚ್ಚಿದಾಗ ಆ ತಿದ್ದುಪಡಿ ಯಾರ್‍ಯಾರಿಗೆ ತಲುಪಿತು ಎಂಬುದೇ ಈ ಕಥೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವರಿಗೆ ಈ ಕಥೆಯ ಉತ್ತರಾರ್ಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಡೆಯ ಮತ್ತು ಏಣಿ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟತೊಡಗಿದರು. ಒಂದು ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಕಾಲ ಅದು. ಹಾಗಾಗಿ ಯಾರು ಯಾವ ಕಡತ ಓದಬಹುದು, ಯಾರು ಬರೆಯಬಹುದು ಎಂಬ ಕಟ್ಟಳೆ ಬೇಕಾಯಿತು. ಸಾಮಾನ್ಯ ಬಳಕೆದಾರರಿಗೆಲ್ಲ ಅವರವರ ಮಿತಿ. ಯಾವ ಮಿತಿಯೂ ಇಲ್ಲದ ಒಬ್ಬ ಒಡೆಯ ಮಾತ್ರ ಇದ್ದ. ಅವನ ಹೆಸರು ರೂಟ್.

ಆದರೆ ಸಾಮಾನ್ಯನಿಗೂ ಒಮ್ಮೊಮ್ಮೆ ಒಡೆಯನ ಕೆಲಸ ಬೀಳುತ್ತದೆ. ತನ್ನ ಪಾಸ್‌ವರ್ಡ್ ಬದಲಿಸಬೇಕಾದರೆ ರೂಟ್‌ಗೆ ಸೇರಿದ ಕಡತದಲ್ಲಿ ಒಂದು ಸಾಲು ತಿದ್ದಬೇಕು. ಇದಕ್ಕೆ ರಿಚಿ ಒಂದು ಉಪಾಯ ಹುಡುಕಿದರು. ಕೆಲವು ನಂಬಿಕಸ್ಥ ಪ್ರೋಗ್ರಾಮುಗಳಿಗೆ ಒಂದು ಗುರುತು ಹಾಕಿದರೆ, ಅವನ್ನು ಯಾರೇ ಓಡಿಸಿದರೂ ಅವು ಒಡೆಯನ ಅಧಿಕಾರದಲ್ಲಿ ಓಡುತ್ತವೆ. ಸೆಟ್-ಯುಐಡಿ ಎಂಬ ಈ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಮೇಲಕ್ಕೆ ಹತ್ತಲು ಇದು ಅಧಿಕೃತ ಏಣಿ. ಈ ಏಣಿಯನ್ನೋ ಬೇರೆ ಯಾವುದೋ ತೂತನ್ನೋ ಬಳಸಿ, ಕೂಲಿಗೆ ಬಂದವನು ಯಜಮಾನನ ಗಾದಿಯಲ್ಲಿ ಕೂರುವುದನ್ನು ಕಸುಬಿನವರು ಪ್ರಿವಿಲೇಜ್ ಎಸ್ಕಲೇಷನ್ ಎನ್ನುತ್ತಾರೆ. ಇಲ್ಲಿ ಕಳ್ಳ ಹೊರಗಿನಿಂದ ಬೀಗ ಒಡೆಯುವುದಿಲ್ಲ. ಆಗಲೇ ಒಳಗಿದ್ದವನು ತನಗಿಲ್ಲದ ಅಧಿಕಾರ ಪಡೆಯುತ್ತಾನೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಯೂನಿಕ್ಸ್‌ನ ಈ ಕಟ್ಟಳೆಯನ್ನೇ ಅನುಸರಿಸಿತು. ಅದು ಮೊದಲು ಸರ್ವರುಗಳಿಗೆ, ಆಮೇಲೆ ಆಂಡ್ರಾಯ್ಡ್ ಮೂಲಕ ಫೋನುಗಳಿಗೆ ಹಬ್ಬಿತು.

ನಕಲು ಕೇಳಿ ಅಸಲು ತಿದ್ದುವುದು

ತೂತು ಇದ್ದದ್ದು ಕಾಪಿ-ಆನ್-ರೈಟ್ ಎಂಬ ಪದ್ಧತಿಯಲ್ಲಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದೇ ಕಡತವನ್ನು ನೂರು ಜನ ಓದಬೇಕಿದ್ದರೆ ನೂರು ಪ್ರತಿ ಮಾಡುವುದು ದಂಡ. ಎಲ್ಲರೂ ಅಸಲನ್ನೇ ಓದಲಿ. ಯಾರಾದರೂ ಗೀಚಬೇಕು ಎಂದಾಗ ಮಾತ್ರ ಅವರಿಗೊಂದು ನಕಲು ಮಾಡಿ ಕೊಟ್ಟರಾಯಿತು. ಅವರು ನಕಲಿನ ಮೇಲೆ ಏನು ಬೇಕಾದರೂ ಬರೆದುಕೊಳ್ಳಲಿ, ಅಸಲು ಹಾಗೇ ಇರುತ್ತದೆ. ಇದರಿಂದ ಕಂಪ್ಯೂಟರಿನ ಮೆಮೊರಿ ಬಹಳ ಉಳಿಯುತ್ತದೆ.

ಈಗ ಒಬ್ಬ ಅರ್ಜಿದಾರ ಬರುತ್ತಾನೆ ಎನ್ನಿ. ಓದಲು ಮಾತ್ರ ಅನುಮತಿಯಿರುವ ಕಡತ ತೋರಿಸಿ, ಇದರ ಮೇಲೆ ಬರೆಯಬೇಕು ಎನ್ನುತ್ತಾನೆ. ಗುಮಾಸ್ತ ಅರ್ಜಿಯ ಮೇಲೆ 'ಬರೆಯಲು' ಎಂದು ಚೀಟಿ ಅಂಟಿಸಿ, ನಿಯಮದಂತೆ ನಕಲು ಮಾಡಿ ಮೇಜಿನ ಮೇಲಿಡುತ್ತಾನೆ. ನಕಲು ಸಿದ್ಧವಾಯಿತಲ್ಲ, ಚೀಟಿಯ ಕೆಲಸ ಮುಗಿಯಿತು ಎಂದು ಅದನ್ನು ಕಿತ್ತು ಹಾಕುತ್ತಾನೆ. ಅವನು ಇತ್ತ ತಿರುಗುವಷ್ಟರಲ್ಲಿ ಅರ್ಜಿದಾರನ ಜೊತೆಗಾರ ಬಂದು ಮೇಜಿನ ಮೇಲಿನ ನಕಲನ್ನು ಕಸದಬುಟ್ಟಿಗೆ ಎಸೆಯುತ್ತಾನೆ. ಗುಮಾಸ್ತ ಮತ್ತೆ ನೋಡುತ್ತಾನೆ: ಮೇಜು ಖಾಲಿ. ಅರ್ಜಿಯ ಮೇಲೆ 'ಬರೆಯಲು' ಎಂಬ ಚೀಟಿಯೂ ಇಲ್ಲ. ಓದುವುದಕ್ಕಿರಬೇಕು ಎಂದುಕೊಂಡು ಕಪಾಟಿನಿಂದ ಅಸಲನ್ನೇ ತಂದಿಡುತ್ತಾನೆ. ಅರ್ಜಿದಾರನ ಕೈಯಲ್ಲಿ ಪೆನ್ನು ಸಿದ್ಧವಾಗಿಯೇ ಇದೆ.

ಕರ್ನಲ್‌ನಲ್ಲಿ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಇದೇ. ಒಂದು ಪ್ರೋಗ್ರಾಮಿನ ಎರಡು ಎಳೆಗಳು ಜೊತೆಜೊತೆಗೆ ಓಡುತ್ತವೆ. ಒಂದು ಎಳೆ ಬರೆಯಲು ಯತ್ನಿಸುತ್ತಲೇ ಇರುತ್ತದೆ. ಇನ್ನೊಂದು ಎಳೆ ಎಂ-ಅಡ್ವೈಸ್ ಎಂಬ ಕರೆಯ ಮೂಲಕ, ಈ ನಕಲು ನನಗೆ ಬೇಡ, ಬಿಸಾಕು ಎನ್ನುತ್ತಲೇ ಇರುತ್ತದೆ. ಸಾವಿರಾರು ಸಲ ಪ್ರಯತ್ನಿಸಿದರೆ ಎಲ್ಲೋ ಒಮ್ಮೆ ಇಬ್ಬರ ತಾಳ ಕೂಡುತ್ತದೆ, ಬರಹ ಅಸಲಿನ ಮೇಲೆ ಬೀಳುತ್ತದೆ. ಕಂಪ್ಯೂಟರಿಗೆ ಸಾವಿರಾರು ಸಲ ಎಂದರೆ ಕೆಲವು ಸೆಕೆಂಡುಗಳ ಮಾತು. ತಿದ್ದಿಸಿಕೊಂಡ ಕಡತ ರೂಟ್‌ನ ಅಧಿಕಾರದಲ್ಲಿ ಓಡುವ ಪ್ರೋಗ್ರಾಮ್ ಆಗಿದ್ದರೆ ಯಂತ್ರವೇ ಕೈವಶ. ಇಷ್ಟಾದರೂ ಯಂತ್ರದ ದಿನಚರಿಯಲ್ಲಿ ಅಸಹಜವಾದ ಗುರುತು ಕಾಣುವುದು ಅಪರೂಪ.

ಎರಡು ದಿನದ ತಿದ್ದುಪಡಿ

ಟೋರ್ವಾಲ್ಡ್ಸ್‌ಗೆ ಈ ಅಪಾಯ ಮೊದಲೇ ಹೊಳೆದಿತ್ತು. 2005ರ ಆಗಸ್ಟ್ ಆರಂಭದಲ್ಲಿ ಅವರೇ ಒಂದು ತಿದ್ದುಪಡಿ ಹಾಕಿದರು. ಮೇಜಿನ ಮೇಲಿರುವ ಹಾಳೆಯಲ್ಲಿ ನಿಜಕ್ಕೂ ಬರಹ ಬಿದ್ದ ಗುರುತು ಇದೆಯೇ ಎಂದು ನೋಡಿ ಆಮೇಲೆ ಮುಂದುವರಿ ಎಂಬುದು ಅದರ ತಿರುಳು. ಈ ಗುರುತಿಗೆ ಡರ್ಟಿ ಬಿಟ್ ಎಂದು ಹೆಸರು.

ತೊಡಕು ಬಂದದ್ದು ಐಬಿಎಂನ ಎಸ್-390 ಮೇನ್‌ಫ್ರೇಮ್ ಯಂತ್ರಗಳಿಂದ. ಉಳಿದ ಯಂತ್ರಗಳು ಆ ಗುರುತನ್ನು ಮೆಮೊರಿಯ ಸೂಚಿಯಲ್ಲಿ ಇಟ್ಟರೆ, ಎಸ್-390 ಅದನ್ನು ಮೆಮೊರಿಯ ಹಾಳೆಗೇ ಅಂಟಿಕೊಂಡ ಬೇರೊಂದು ಜಾಗದಲ್ಲಿ ಇಡುತ್ತಿತ್ತು. ಟೋರ್ವಾಲ್ಡ್ಸ್‌ರ ಪರಿಶೀಲನೆಗೆ ಅಲ್ಲಿ ಉತ್ತರವೇ ಸಿಗುತ್ತಿರಲಿಲ್ಲ. ಎರಡು ದಿನಗಳಲ್ಲಿ ಅವರ ತಿದ್ದುಪಡಿ ಹೋಗಿ, ನಿಕ್ ಪಿಗಿನ್ ಬರೆದ ಬೇರೊಂದು ಏರ್ಪಾಡು ಬಂತು. ಎಲ್ಲ ಯಂತ್ರಗಳೂ ಓಡಿದವು. ಚೀಟಿ ಕಿತ್ತು ಹಾಕುವ ರೂಢಿಯೂ ಉಳಿಯಿತು.

ಇದನ್ನು ಯಾರದೋ ಅಜಾಗರೂಕತೆ ಎನ್ನುವಂತಿಲ್ಲ. 2005ರಲ್ಲಿ ಇಂಥ ಓಟದಲ್ಲಿ ಗೆಲ್ಲುವುದು ಪುಸ್ತಕದ ಲೆಕ್ಕ ಮಾತ್ರ ಎಂಬ ಭಾವನೆಯಿತ್ತು. ಒಂದೇ ಪ್ರೊಸೆಸರ್ ಇರುವ ಯಂತ್ರಗಳೇ ಆಗ ಹೆಚ್ಚು. ಎರಡು ಎಳೆಗಳ ತಾಳ ಕೂಡುವುದು ದುರ್ಲಭ. ಮುಂದೆ ಒಂದೊಂದು ಚಿಪ್‌ನಲ್ಲಿ ನಾಲ್ಕು, ಎಂಟು ಕೋರ್‌ಗಳು ಬಂದವು, ಕರ್ನಲ್ ಕೂಡ ಚುರುಕಾಯಿತು. ತೂತು ಇದ್ದಷ್ಟೇ ಇತ್ತು, ಅದರೊಳಗೆ ತೂರುವುದು ಮಾತ್ರ ವರ್ಷದಿಂದ ವರ್ಷಕ್ಕೆ ಸುಲಭವಾಗುತ್ತ ಹೋಯಿತು. 2007ರ 2.6.22 ಆವೃತ್ತಿಯಿಂದ ಮುಂದಿನ ಕರ್ನಲ್‌ಗಳೆಲ್ಲ ಇದಕ್ಕೆ ಈಡಾದವು.

ಸಿಕ್ಕಿಬಿದ್ದದ್ದು

ಇಷ್ಟು ವರ್ಷ ಪರಿಣತರ ಕಣ್ಣು ತಪ್ಪಿಸಿದ ತೂತು ಕೊನೆಗೆ ಸಿಕ್ಕಿದ್ದು ಒಬ್ಬರ ಕಟ್ಟುನಿಟ್ಟಿನ ಅಭ್ಯಾಸದಿಂದ. ಫಿಲ್ ಓಸ್ಟರ್ ಎಂಬ ಲಿನಕ್ಸ್ ಪರಿಣತ ತಾನು ನೋಡಿಕೊಳ್ಳುತ್ತಿದ್ದ ಸರ್ವರುಗಳಿಗೆ ಬರುವ ವೆಬ್ ಸಂಚಾರವನ್ನೆಲ್ಲ ಕೆಲವು ವರ್ಷಗಳಿಂದ ದಾಖಲಿಸಿಡುತ್ತಿದ್ದರು. 2016ರಲ್ಲಿ ಒಂದು ತಾಣಕ್ಕೆ ಕನ್ನ ಬಿತ್ತು. ಓಸ್ಟರ್ ತಮ್ಮ ದಾಖಲೆ ಜಾಲಾಡಿದಾಗ, ಕಳ್ಳ ಒಳಗೆ ತಂದಿದ್ದ ಪ್ರೋಗ್ರಾಮೇ ಇಡಿಯಾಗಿ ಸಿಕ್ಕಿತು. ಪ್ರತ್ಯೇಕ ಯಂತ್ರದಲ್ಲಿ ಓಡಿಸಿ ನೋಡಿದರೆ, ಕ್ಷಣಾರ್ಧದಲ್ಲಿ ರೂಟ್ ಅಧಿಕಾರ. ಅಂದರೆ ಈ ದಾರಿ ಇನ್ನೂ ತೆರೆದೇ ಇದೆ ಎಂಬುದು ಕಟ್ಟಿದವರಿಗಿಂತ ಮೊದಲೇ ಕಳ್ಳರಿಗೆ ಗೊತ್ತಿತ್ತು.

ಸುದ್ದಿ ಟೋರ್ವಾಲ್ಡ್ಸ್‌ಗೆ ಮುಟ್ಟಿತು. ಅಕ್ಟೋಬರ್ 18ರಂದು ಅವರ ತಿದ್ದುಪಡಿ ಲಿನಕ್ಸ್‌ನ ಮೂಲ ಭಂಡಾರ ಸೇರಿತು. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟ್, ಮುಂದಿನ ಆದೇಶದವರೆಗೆ ದಿನಕ್ಕೆ 2,000 ಕ್ಯುಸೆಕ್ ನೀರು ಬಿಡುತ್ತಿರಿ ಎಂದು ಕರ್ನಾಟಕಕ್ಕೆ ಹೇಳಿತು.

ತಿದ್ದುಪಡಿ ಎಂದರೆ ಎರಡೇ ಎರಡು ಕಡತಗಳಲ್ಲಿ ಕೆಲವೇ ಸಾಲು. 'ಬರೆಯಲು' ಎಂಬ ಚೀಟಿಯನ್ನು ಇನ್ನು ಕೀಳುವ ಹಾಗಿಲ್ಲ. ಬದಲಿಗೆ 'ನಕಲು ಮಾಡಿದೆ' ಎಂಬ ಇನ್ನೊಂದು ಚೀಟಿಯನ್ನು ಅಂಟಿಸಬೇಕು. ಕರ್ನಲ್‌ನಲ್ಲಿ ಅದರ ಹೆಸರು ಫಾಲ್-ಕೌ. ಆ ಚೀಟಿ ಇದ್ದರೂ ಸಾಲದು, ಮೇಜಿನ ಮೇಲಿರುವುದು ಬರಹದ ಗುರುತಿರುವ ನಕಲೇ ಹೌದೇ ಎಂದು ಡರ್ಟಿ ಬಿಟ್ ನೋಡಿಯೇ ಮುಂದುವರಿಯಬೇಕು. ಅಷ್ಟರಲ್ಲಿ ಎಸ್-390ರ ತೊಡಕೂ ಬಗೆಹರಿದು ಬಹಳ ಕಾಲವಾಗಿತ್ತು. ಹನ್ನೊಂದು ವರ್ಷದ ಹಿಂದೆ ಇದನ್ನು ಸರಿಪಡಿಸಲು ಹೋಗಿ ತಾನೇ ಸರಿಯಾಗಿ ಮಾಡಿರಲಿಲ್ಲ ಎಂದು ಟೋರ್ವಾಲ್ಡ್ಸ್ ತಿದ್ದುಪಡಿಯ ಟಿಪ್ಪಣಿಯಲ್ಲೇ ಬರೆದರು. ಸರ್ಕಾರಿ ಕಡತಗಳಲ್ಲಿ ಇಂಥ ಷರಾ ಕಾಣಸಿಗುವುದು ಕಡಿಮೆ.

ಅಕ್ಟೋಬರ್ 20ರಂದು ಈ ತಿದ್ದುಪಡಿ ಸೇರಿದ ಕರ್ನಲ್‌ನ 4.8.3, 4.7.9, 4.4.26 ಆವೃತ್ತಿಗಳು ಹೊರಬಂದವು. ತೂತಿಗೆ ಸಿವಿಇ-2016-5195 ಎಂಬ ಸಂಖ್ಯೆ ಸಿಕ್ಕಿತು. ಕಾಪಿ-ಆನ್-ರೈಟ್‌ನ ಮೊದಲ ಅಕ್ಷರಗಳನ್ನು ಕೂಡಿಸಿದರೆ ಇಂಗ್ಲಿಷಿನಲ್ಲಿ ಹಸು ಎಂದಾಗುತ್ತದೆ. ಅದಕ್ಕೆ ಡರ್ಟಿ ಬಿಟ್‌ನ ಡರ್ಟಿ ಸೇರಿ 'ಡರ್ಟಿ ಕೌ' ಎಂಬ ಹೆಸರೂ, ಹಸುವಿನ ಲಾಂಛನವೂ ಹುಟ್ಟಿದವು.

ಈ ಹೆಸರಿನ ಬಗ್ಗೆ ಕಸುಬಿನವರಲ್ಲಿ ಜಗಳವಿದೆ. ಬಗ್‌ಗಳಿಗೆ ನಾಮಕರಣ ಮಾಡಿ ಲಾಂಛನ ತೊಡಿಸುವುದು ಜಾಹೀರಾತಿನ ಚಾಳಿ, ಅದರಿಂದ ನಿಜವಾದ ಅಪಾಯದ ಅಳತೆ ತಪ್ಪುತ್ತದೆ ಎಂದು ಒಂದು ಪಕ್ಷ. ಸಂಖ್ಯೆ ಯಾರಿಗೂ ನೆನಪಿರುವುದಿಲ್ಲ, ಹೆಸರಿದ್ದರೆ ಮೇಲಧಿಕಾರಿಗಳೂ ಕಿವಿಗೊಡುತ್ತಾರೆ ಎಂದು ಇನ್ನೊಂದು ಪಕ್ಷ. ಭದ್ರತೆಯ ಬಗ್ ಕೂಡ ಉಳಿದ ಬಗ್‌ಗಳಂತೆ ಒಂದು ಬಗ್, ಅದಕ್ಕೆ ಪ್ರತ್ಯೇಕ ಆಡಂಬರ ಬೇಡ ಎಂಬುದು ಟೋರ್ವಾಲ್ಡ್ಸ್‌ರ ಹಳೆಯ ನಿಲುವು. ತೂತಿನ ವಯಸ್ಸು ಒಂಬತ್ತೋ ಹನ್ನೊಂದೋ ಎಂಬ ಚರ್ಚೆಯೂ ಇದೆ: 2007ರ ಆವೃತ್ತಿಯಿಂದ ಎಣಿಸಿದರೆ ಒಂಬತ್ತು, ಟೋರ್ವಾಲ್ಡ್ಸ್‌ರ ಮೊದಲ ಯತ್ನದಿಂದ ಎಣಿಸಿದರೆ ಹನ್ನೊಂದು. ನನಗೆ ಎರಡನೆಯ ಲೆಕ್ಕವೇ ಸರಿ ಎನಿಸುತ್ತದೆ. ಇದೆ ಎಂದು ಗೊತ್ತಾದ ದಿನದಿಂದ ತಾನೆ ಮನೆ ಸೋರುವ ಲೆಕ್ಕ ಶುರುವಾಗುವುದು?

ನಾಲೆಯಲ್ಲಿ ಇಳಿದ ನೀರು

ಕನ್ನಂಬಾಡಿ ಅಣೆಕಟ್ಟೆಯಲ್ಲಿ ತೂಬು ಎತ್ತಿದ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯ ದಾಟಿ, ಕವಲು ನಾಲೆಗಳಿಗೆ ಹೊರಳಿ, ಮದ್ದೂರು–ಮಳವಳ್ಳಿಯ ಕೊನೆಯ ಗದ್ದೆಗೆ ಬರುವ ಹೊತ್ತಿಗೆ ಕಟ್ಟು ಪದ್ಧತಿಯ ಸರದಿ ಮುಗಿದಿರಬಹುದು, ನಾಲೆಯಲ್ಲಿ ಹೂಳಿರಬಹುದು, ಮೇಲಿನವರು ಪಂಪ್ ಇಟ್ಟಿರಬಹುದು. ಅಣೆಕಟ್ಟೆಯಲ್ಲಿ ಬಿಟ್ಟ ಲೆಕ್ಕಕ್ಕೂ ಗದ್ದೆಗೆ ಬಂದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ ಎಂಬುದು ಇಲ್ಲಿನ ಹಳೆಯ ದೂರು.

ಡರ್ಟಿ ಕೌ ತಿದ್ದುಪಡಿಯೂ ಹೀಗೇ ಹರಿಯಿತು. ನಾಲೆಯ ತಲೆಯಲ್ಲಿದ್ದದ್ದು ದೊಡ್ಡ ಕಂಪನಿಗಳ, ಬ್ಯಾಂಕುಗಳ ಸರ್ವರುಗಳು. ರೆಡ್ ಹ್ಯಾಟ್, ಉಬುಂಟು, ಡೆಬಿಯನ್ ಮುಂತಾದ ವಿತರಣೆಗಳು ಕೆಲವೇ ದಿನಗಳಲ್ಲಿ ಪ್ಯಾಚ್ ಕೊಟ್ಟವು, ನಿರ್ವಾಹಕರು ರಾತ್ರೋರಾತ್ರಿ ಯಂತ್ರ ಮರುಚಾಲನೆ ಮಾಡಿ ನೆಮ್ಮದಿಯಾದರು. ಸಂಬಳ ಕೊಟ್ಟು ನೀರುಗಂಟಿಯನ್ನು ಇಟ್ಟುಕೊಂಡವರ ಗದ್ದೆಗೆ ನೀರು ಮೊದಲು ಬಂತು.

ಫೋನುಗಳ ಪಾಡು ಬೇರೆ. ಅಲ್ಲಿ ಲಿನಕ್ಸ್‌ನ ತಿದ್ದುಪಡಿ ಮೊದಲು ಗೂಗಲ್‌ಗೆ, ಅಲ್ಲಿಂದ ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗೆ, ಅಲ್ಲಿಂದ ಫೋನ್ ತಯಾರಕರಿಗೆ, ಕೊನೆಗೆ ಗ್ರಾಹಕನ ಕೈಗೆ ಬರಬೇಕು. ಪ್ರತಿ ಕವಲಿನಲ್ಲೂ ಒಂದು ಗೇಟು, ಪ್ರತಿ ಗೇಟಿಗೂ ಒಬ್ಬ ಯಜಮಾನ. ನವೆಂಬರ್ 7ರಂದು ಗೂಗಲ್ ತನ್ನ ತಿಂಗಳ ಭದ್ರತಾ ಪ್ರಕಟಣೆಯಲ್ಲಿ ಡರ್ಟಿ ಕೌಗೆ ಪೂರಕ ಪ್ಯಾಚ್ ಸೇರಿಸಿತು. ಡಿಸೆಂಬರ್ 5ರ ಪ್ಯಾಚ್ ಮಟ್ಟದಲ್ಲಿ ಅದು ಇರಲೇಬೇಕು ಎಂದಾಯಿತು. ಆದರೆ ಒಮ್ಮೆ ಮಾರಿದ ಅಗ್ಗದ ಫೋನಿಗೆ ಮತ್ತೆ ಅಪ್‌ಡೇಟ್ ಕಳಿಸಲು ತಯಾರಕರಿಗೆ ಖರ್ಚು, ಲಾಭವೇನೂ ಇಲ್ಲ. ಎಷ್ಟೋ ಮಾದರಿಗಳು ಪೆಟ್ಟಿಗೆಯಿಂದ ಹೊರಬಂದಾಗ ಇದ್ದ ಕರ್ನಲ್‌ನಲ್ಲೇ ಆಯುಸ್ಸು ಕಳೆದವು.

ಗೂಗಲ್‌ನ ಪ್ರಕಟಣೆ ಬಂದ ಮರುದಿನ, ನವೆಂಬರ್ 8ರ ರಾತ್ರಿ, 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಎಟಿಎಂ ಮುಂದೆ ಸಾಲು ನಿಂತು ಸೋತ ದೇಶಕ್ಕೆ ಫೋನಿನಲ್ಲೇ ಹಣ ಕಳಿಸಿ ಎಂಬ ಉಪದೇಶ ಬಂತು. ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಂತು. ಹಾಡು, ವಿಡಿಯೊಗೆಂದು ಕೊಂಡಿದ್ದ ಫೋನು ಮೂರೇ ತಿಂಗಳಲ್ಲಿ ಹಣದ ಚೀಲವಾಯಿತು. ಚೀಲದ ತಳದಲ್ಲಿ ತೂತಿರುವುದನ್ನು ಯಾರೂ ಹೇಳಲಿಲ್ಲ.

ಆ ತೂತಿಗೆ ಕೈಹಾಕಿದವರು ಕಾಣಿಸಿಕೊಂಡದ್ದು 2017ರ ಸೆಪ್ಟೆಂಬರ್‌ನಲ್ಲಿ. ಡರ್ಟಿ ಕೌ ಬಳಸುವ ಮೊದಲ ಆಂಡ್ರಾಯ್ಡ್ ಮಾಲ್‌ವೇರನ್ನು ಟ್ರೆಂಡ್ ಮೈಕ್ರೊ ಸಂಸ್ಥೆ ಪತ್ತೆ ಹಚ್ಚಿ ಜ಼ೆಡ್‌ಎನ್‌ಐಯು ಎಂದು ಹೆಸರಿಟ್ಟಿತು. ಅದು ಆಟದ, ಅಶ್ಲೀಲ ಚಿತ್ರದ ಆ್ಯಪ್‌ಗಳ ವೇಷದಲ್ಲಿ 1,200ಕ್ಕೂ ಹೆಚ್ಚು ರೂಪಗಳಲ್ಲಿ ಹರಿದಾಡುತ್ತಿತ್ತು. 40ಕ್ಕೂ ಹೆಚ್ಚು ದೇಶಗಳಲ್ಲಿ 5,000ಕ್ಕೂ ಹೆಚ್ಚು ಬಳಕೆದಾರರು ಸಿಕ್ಕಿಬಿದ್ದಿದ್ದರು, ಅವರಲ್ಲಿ ಬಹುಪಾಲು ಚೀನಾ ಮತ್ತು ಭಾರತದವರು. ಚೀನಾದಲ್ಲಿ ಅದು ಮೊಬೈಲ್ ಬಿಲ್ ಮೂಲಕ ಸಣ್ಣ ಸಣ್ಣ ಮೊತ್ತ ಎಗರಿಸುತ್ತಿತ್ತು. ಹೊರಗಿನ ದೇಶಗಳಲ್ಲಿ ಹಣಕ್ಕೆ ಕೈಹಾಕದೆ, ಫೋನಿಗೊಂದು ಹಿಂಬಾಗಿಲು ಇಟ್ಟು ಸುಮ್ಮನಿರುತ್ತಿತ್ತು. ತಿದ್ದುಪಡಿ ಬಂದು ಆಗಲೇ ಹನ್ನೊಂದು ತಿಂಗಳಾಗಿತ್ತು.

ಇದೇ ತೂತನ್ನು ಸಂತೋಷದಿಂದ ಬಳಸಿದವರೂ ಇದ್ದರು. ತಯಾರಕರು ಬೀಗ ಜಡಿದಿದ್ದ ಫೋನನ್ನು 'ರೂಟ್ ಮಾಡಿ' ತನ್ನ ವಸ್ತುವಿಗೆ ತಾನೇ ಒಡೆಯನಾಗಲು ಹೊರಟ ಹುಡುಗರಿಗೆ ಡರ್ಟಿ ಕೌ ವರವಾಯಿತು. ಕಳ್ಳನಿಗೂ ಒಡೆಯನಿಗೂ ಒಂದೇ ಬಾಗಿಲು ಆದದ್ದು ಈ ಕಥೆಯ ಒಂದು ವಿಪರ್ಯಾಸ.

ಮತ್ತೆ ಮತ್ತೆ ಅದೇ ಬದು

ಮೂಲದಲ್ಲಾದರೂ ಕಥೆ ಮುಗಿಯಿತೇ ಎಂದರೆ ಅದೂ ಇಲ್ಲ. 2017ರ ನವೆಂಬರ್ ಕೊನೆಯಲ್ಲಿ ಬಿಂಡೆಸಿ ಎಂಬ ಇಸ್ರೇಲಿ ಸಂಸ್ಥೆಯವರು ಟೋರ್ವಾಲ್ಡ್ಸ್‌ರ ತಿದ್ದುಪಡಿಯಲ್ಲೇ ಸಂದು ಹುಡುಕಿದರು. ಮೆಮೊರಿಯ ದೊಡ್ಡ ಹಾಳೆಗಳ ವಿಷಯದಲ್ಲಿ, ನಕಲು ಮಾಡದೆಯೇ ಡರ್ಟಿ ಗುರುತು ಹಾಕಿಸಿಕೊಳ್ಳುವ ಒಂದು ದಾರಿ ಉಳಿದಿತ್ತು. 'ಹ್ಯೂಜ್ ಡರ್ಟಿ ಕೌ' ಎನಿಸಿಕೊಂಡ ಇದರಿಂದ ಮಾಮೂಲಿ ಕಡತಗಳನ್ನು ತಿದ್ದಲಾಗುತ್ತಿರಲಿಲ್ಲ, ಆದ್ದರಿಂದ ಅಪಾಯ ಸೀಮಿತ. ಕೆಲವೇ ದಿನಗಳಲ್ಲಿ ಅದನ್ನೂ ಮುಚ್ಚಿದರು. 2020ರಲ್ಲಿ ಗೂಗಲ್‌ನ ಯಾನ್ ಹಾರ್ನ್ ಅದೇ ಪದ್ಧತಿಯ ಇನ್ನೊಂದು ದೋಷ ತೋರಿಸಿದರು. 2022ರಲ್ಲಿ, ನಡುವೆ ಬಂದ ಹೊಸ ಬದಲಾವಣೆಯೊಂದು ಹಳೆಯ ತೂತನ್ನು ತಾತ್ಕಾಲಿಕ ಕಡತಗಳ ಮಟ್ಟಿಗೆ ಮತ್ತೆ ತೆರೆದಿದೆ ಎಂದು ಗೊತ್ತಾಯಿತು. ರೆಡ್ ಹ್ಯಾಟ್‌ನ ಡೇವಿಡ್ ಹಿಲ್ಡನ್‌ಬ್ರಾಂಡ್ ಈ ಸಲ ಚೀಟಿಯ ಲೆಕ್ಕವನ್ನೇ ಕೈಬಿಟ್ಟರು: ಎದುರಿಗಿರುವ ಹಾಳೆ ಬೇರೆ ಯಾರೊಂದಿಗೂ ಹಂಚಿಕೊಳ್ಳದ ನಕಲೇ ಎಂದು ಹಾಳೆಯನ್ನೇ ಕೇಳುವ ಕ್ರಮ ತಂದು, 2016ರ ಫಾಲ್-ಕೌ ಚೀಟಿಯನ್ನು ಕರ್ನಲ್‌ನಿಂದ ತೆಗೆದುಹಾಕಿದರು. 2005ರಿಂದ 2022ರವರೆಗೆ, ಹದಿನೇಳು ವರ್ಷ, ಬೇರೆ ಬೇರೆ ಕೈಗಳು ಒಂದೇ ಬದುವಿಗೆ ಮಣ್ಣು ಮೆತ್ತಿದವು.

ಈ ನಡುವೆ ತಿದ್ದುಪಡಿ ಹರಿಯುವ ನಾಲೆಯ ದುರಸ್ತಿಯೂ ನಡೆಯಿತು. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಗೂಗಲ್ ತಂದ ಟ್ರೆಬಲ್ ಯೋಜನೆ, ಚಿಪ್ ಕಂಪನಿಯ ಭಾಗವನ್ನೂ ಆಂಡ್ರಾಯ್ಡ್ ಭಾಗವನ್ನೂ ಬೇರ್ಪಡಿಸಿ ಅಪ್‌ಡೇಟ್‌ನ ದಾರಿ ಸುಗಮಗೊಳಿಸಿತು. ಮುಂದೆ ಎಲ್ಲ ತಯಾರಕರಿಗೂ ಒಂದೇ ಸಾಮಾನ್ಯ ಕರ್ನಲ್ ಕೊಡುವ ಏರ್ಪಾಡೂ ಬಂತು. ಹೊಸ ಫೋನುಗಳಿಗೆ ಇಂತಿಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಕಂಪನಿಗಳು ಈಗ ಜಾಹೀರಾತಿನಲ್ಲೇ ಹೇಳುತ್ತವೆ. ಆದರೆ ವರ್ಷಗಳ ಸಂಖ್ಯೆ ಫೋನಿನ ಬೆಲೆಯ ಜೊತೆಗೇ ಏರುತ್ತದೆ, ಇಳಿಯುತ್ತದೆ. ಕೊನೆ ಭಾಗ ಇನ್ನೂ ಕೊನೆ ಭಾಗವೇ.

ಕಾವೇರಿ ವ್ಯಾಜ್ಯಕ್ಕೆ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂತು. ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಾಯಿತು. ಮಳವಳ್ಳಿಯ ಕೊನೆಯ ತೂಬಿನ ರೈತ ಅದನ್ನು ಕೇಳಿ ಸಂತೋಷಪಟ್ಟ ಮೇಲೂ ಸಂಜೆ ಹೋಗಿ ತನ್ನ ನಾಲೆಯಲ್ಲಿ ನೀರಿದೆಯೇ ಎಂದು ನೋಡಿಯೇ ಬರುತ್ತಾನೆ. ಫೋನಿನ ವಿಷಯದಲ್ಲೂ ಅದೇ ರೂಢಿ ಒಳ್ಳೆಯದು. ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್ ಒತ್ತಿ, ಆಂಡ್ರಾಯ್ಡ್ ಆವೃತ್ತಿಯ ಆಸುಪಾಸಿನಲ್ಲಿ ಸೆಕ್ಯುರಿಟಿ ಪ್ಯಾಚ್ ಎಂಬ ಸಾಲನ್ನು ಹುಡುಕಿ. ಅದರ ಮುಂದೆ ಒಂದು ದಿನಾಂಕ ಇರುತ್ತದೆ. ಅದು ವರ್ಷಗಳಷ್ಟು ಹಳೆಯದಾಗಿದ್ದು, ಅಪ್‌ಡೇಟ್ ಒತ್ತಿದರೂ ಏನೂ ಬರದಿದ್ದರೆ, ಆ ಫೋನಿನಲ್ಲಿ ಮಕ್ಕಳು ಹಾಡು ಕೇಳಲಿ; ಬ್ಯಾಂಕಿನ ವ್ಯವಹಾರ ಮಾತ್ರ ಇಡಬೇಡಿ.